ಪೂರ್ತಿ ಹೆಸರು ಹೇಳಿ

ಪುರಸಭೆಯ ಜನನ-ಮರಣ ವಿಭಾಗದ ಕಿಟಕಿಗೆ ‘ಸರ್ವರ್ ಇಲ್ಲ’ ಎಂಬ ಚೀಟಿ ಅಂಟಿಸಿದ್ದರು. ಅಂಟು ನೋಡಿದರೆ ಅದು ಇವತ್ತಿನ ಚೀಟಿಯಲ್ಲ. ಗುಮಾಸ್ತರು ಕಾಫಿಗೆ ಎದ್ದಿದ್ದರು. ಕಿಟಕಿಯ ಒಳಗೆ ಮೇಜಿನ ಮೇಲೊಂದು ಜನನ ಪ್ರಮಾಣಪತ್ರ ಬಿದ್ದಿತ್ತು. ಹುಟ್ಟಿದ ತಾರೀಕು, ಲಿಂಗ, ತಾಯಿಯ ಹೆಸರು, ತಂದೆಯ ಹೆಸರು, ವಿಳಾಸ ಎಲ್ಲ ಭರ್ತಿಯಾಗಿ, ‘ಮಗುವಿನ ಹೆಸರು’ ಎಂಬ ಕಾಲಂ ಒಂದೇ ಖಾಲಿ ಇತ್ತು. ಕೆಲಸವಿಲ್ಲದವರು ನಾನೂ ಆ ಕಾಲಮ್ಮೂ ಇಬ್ಬರೇ ಆದ್ದರಿಂದ ಮಾತಿಗೆ ಕೂತೆವು.

ನಮಸ್ಕಾರ. ಎಷ್ಟು ದಿನದಿಂದ ಹೀಗೆ ಖಾಲಿ ಕೂತಿದ್ದೀರಿ?

ಕೂತಿದ್ದೀನಿ, ಅದರಲ್ಲೇನು ತಪ್ಪು? ಮಗು ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಬೇಕು, ಆಗಿದೆ. ಹೆಸರಿಗೆ ಅಂಥ ಆತುರವಿಲ್ಲ. ಒಂದು ವರ್ಷದೊಳಗೆ ಬಂದರೆ ಪುಕ್ಕಟೆ ಬರೆಸಬಹುದು. ಆಮೇಲೆ ತಡವಾದದ್ದಕ್ಕೆ ಶುಲ್ಕ ಕಟ್ಟಿ 15 ವರ್ಷದವರೆಗೂ ಬರೆಸಬಹುದು. 1969ರ ಕಾಯ್ದೆ ಮಾಡಿದವರಿಗೆ ನಮ್ಮ ಸೋದರತ್ತೆಯರ ಪರಿಚಯ ಚೆನ್ನಾಗಿಯೇ ಇತ್ತು ಅಂತ ಕಾಣುತ್ತೆ.

ಈ ಮನೆಯ ತಕರಾರು ಏನು?

ಹೆಣ್ಣು ಮಗು. ಅಪ್ಪನಿಗೆ ತನ್ನ ಅಜ್ಜಿಯ ಹೆಸರೇ ಆಗಬೇಕು: ತ್ರಿಪುರಸುಂದರಿ. ಅಮ್ಮ ಹೇಳುವುದು ಇಷ್ಟೇ: ‘ಆರಕ್ಷರ ಯಾರ ಬಾಯಲ್ಲೂ ನಿಲ್ಲೋದಿಲ್ಲ. ಸ್ಕೂಲಲ್ಲಿ ತಿಪ್ಪಿ ಅಂತಾರೆ. ಹೇಗೂ ನಾವು ತ್ರಿಯಾ ಅಂತ ಕರೀಬೇಕು ಅಂತಿದ್ದೀವಿ, ತ್ರಿಯಾ ಅಂತಲೇ ಬರೆಸಿದರೆ ಮುಗೀತಲ್ಲ?’ ಸೋದರತ್ತೆ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಏನೋ ಉಸುರಿದ್ದಾಳೆ. ಏನು ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಹೇಳ್ತಾಳೆ. ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದದ್ದು ಸಾಕ್ಷಿಯಾಗುತ್ತಿತ್ತು. ಆದರೆ ಆ ಅಕ್ಕಿ ಅವತ್ತೇ ಪಾಯಸಕ್ಕೆ ಹೋಯಿತು.

ತಮ್ಮ ಅಭಿಪ್ರಾಯ?

ಪೂರ್ತಿ ಹೆಸರು. ಅದರಲ್ಲಿ ಎರಡು ಮಾತಿಲ್ಲ.

ಕಾಲಂ ಅಗಲವಾಗಿದೆ ಅಂತಲೋ?

ತಮಾಷೆ ಬೇಡ. ಹೆಸರು ಚಿಕ್ಕದು ಮಾಡುವುದಕ್ಕೆ ಇಡೀ ಬೀದಿ ಇದೆ. ಅದಕ್ಕೆ ಅರ್ಜಿ ಬೇಡ, ಅಫಿಡವಿಟ್ ಬೇಡ, ಶುಲ್ಕವಂತೂ ಇಲ್ಲವೇ ಇಲ್ಲ. ಶ್ರೀನಿವಾಸನನ್ನು ಸೀನ ಮಾಡಿದ್ದು ಯಾವ ಗೆಜೆಟ್ಟಿನಲ್ಲಿ ಬಂತು ಹೇಳಿ. ನಾರಾಯಣ ನಾಣಿಯಾದ, ಕೃಷ್ಣಮೂರ್ತಿ ಕಿಟ್ಟಿಯಾದ, ಪದ್ಮಾವತಿ ಪದ್ದಿಯಾದಳು. ಧಾರವಾಡದ ಕಡೆ ಬಸವರಾಜ ಬಸ್ಯಾ ಆದ, ಮಲ್ಲಿಕಾರ್ಜುನ ಮಲ್ಯಾ ಆದ. ಅಪ್ಪ ಅಮ್ಮ ಕೂತು ‘ನಾವು ಇವನನ್ನು ಶ್ರೀ ಅಂತ ಕರೆಯೋಣ’ ಅಂತ ತೀರ್ಮಾನ ಮಾಡಿರ್ತಾರೆ. ಮಗ ಮೊದಲನೇ ದಿನ ಬ್ಯಾಟು ಹಿಡಿದು ಬೀದಿಗೆ ಹೋಗ್ತಾನೆ, ಸಂಜೆ ಸೀನ ಆಗಿ ಮನೆಗೆ ಬರ್ತಾನೆ. ಕರೆಯುವ ಹೆಸರು ಹೆತ್ತವರ ಕೈಯಲ್ಲಿಲ್ಲ ಸ್ವಾಮಿ. ಅವರ ಕೈಯಲ್ಲಿರುವುದು ನಾನೊಬ್ಬನೇ. ಅಲ್ಲಿಗೂ ತಂದು ಚಿಕ್ಕದನ್ನೇ ಸುರಿದರೆ ಹೇಗೆ?

ಚಿಕ್ಕದನ್ನೇ ಇಟ್ಟರೆ ಮತ್ತೆ ಕತ್ತರಿಸುವುದಕ್ಕೆ ಏನೂ ಉಳಿಯುವುದಿಲ್ಲ ಎಂಬ ವಾದ ಇದೆಯಲ್ಲ.

ಆರವ್ ಅಂತ ಇಟ್ಟವರೆಲ್ಲ ಹಾಗೇ ಅಂದುಕೊಂಡಿದ್ದರು. ಈಗ ‘ಆರೂ, ಊಟಕ್ಕೆ ಬಾರೋ’ ಅಂತ ಕರೀತಾರೆ. ಪಕ್ಕದ ಮನೆಯವರು ಉಳಿದ ಐದು ಮಕ್ಕಳು ಎಲ್ಲಿ ಅಂತ ನೋಡ್ತಾರೆ. ಇನ್ನೊಂದು ವಿಷಯ ಈ ಅಪ್ಪ ಅಮ್ಮಂದಿರಿಗೆ ಹೊಳೆಯೋದೇ ಇಲ್ಲ. ನಮ್ಮ ಜನ ಉದ್ದ ಹೆಸರನ್ನು ತುಂಡು ಮಾಡ್ತಾರೆ, ತುಂಡು ಹೆಸರನ್ನು ಉದ್ದ ಮಾಡ್ತಾರೆ. ರಾಮ ಅನ್ನುವ ಎರಡಕ್ಷರವನ್ನು ಹಾಗೇ ಬಿಟ್ಟಿದ್ದಾರಾ? ರಾಮಣ್ಣ, ರಾಮಪ್ಪ, ರಾಮಯ್ಯ. ಇವತ್ತಿನ ವಿಹಾನ್ ಐವತ್ತು ದಾಟಿ ಪಂಚಾಯಿತಿ ಚುನಾವಣೆಗೆ ನಿಂತಾಗ ಗೋಡೆಯ ಮೇಲೆ ವಿಹಾನಪ್ಪ ಅಂತ ಬರೆಯದಿದ್ದರೆ ನನ್ನನ್ನು ಕೇಳಿ.

ಪೂರ್ತಿ ಹೆಸರಿನಿಂದ ಯಾರಿಗಾದರೂ ಉಪಕಾರವಾದ ಉದಾಹರಣೆ ಇದೆಯೇ?

ಅಜಾಮಿಳ. ಭಾಗವತದ ಆರನೇ ಸ್ಕಂಧ. ಮಾಡಬಾರದ್ದೆಲ್ಲ ಮಾಡಿದವನು, ಸಾಯುವ ಹೊತ್ತಿಗೆ ಯಮದೂತರನ್ನು ಕಂಡು ಹೆದರಿ ಕೊನೇ ಮಗನನ್ನು ‘ನಾರಾಯಣಾ’ ಅಂತ ಕೂಗಿದ. ವಿಷ್ಣುದೂತರು ಓಡಿ ಬಂದರು. ಅದೇ ‘ಲೇ ನಾಣೀ’ ಅಂದಿದ್ದರೆ? ಮಗ ಬರುತ್ತಿದ್ದ, ಅಷ್ಟೇ.

ಆದರೆ ಕನ್ನಡ ಸಾಹಿತ್ಯ ನಿಂತಿರುವುದೇ ಮೊಟಕು ಹೆಸರಿನ ಮೇಲೆ. ಪುತಿನ, ತರಾಸು, ತೀನಂಶ್ರೀ…

ಅವರದು ಬೇರೆ ಲೆಕ್ಕ. ಪುರೋಹಿತ ತಿರುನಾರಾಯಣಯ್ಯಂಗಾರ್ ನರಸಿಂಹಾಚಾರ್ ಅಂತ ಮೊದಲು ಇತ್ತು, ಆದ್ದರಿಂದ ಪುತಿನ ಬಂತು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಇಲ್ಲದೆ ತರಾಸು ಎಲ್ಲಿಂದ ಬರಬೇಕು? ಬ್ಯಾಂಕಿನಲ್ಲಿ ಇಟ್ಟವನು ತಾನೆ ಡ್ರಾ ಮಾಡೋದು. ಇನ್ನು ಬೇಂದ್ರೆಯವರನ್ನು ನೋಡಿ, ದತ್ತಾತ್ರೇಯ ಎಂಬ ಹೆಸರು ಸಾಲದೆ ಅಂಬಿಕಾತನಯದತ್ತ ಅಂತ ಇನ್ನೂ ಉದ್ದ ಮಾಡಿಕೊಂಡರು. ಅವರು ನನ್ನ ಮನುಷ್ಯ. ಮೈಸೂರಿನಲ್ಲಿದ್ದ ಆರ್.ಕೆ. ನಾರಾಯಣ್ ಅವರದೂ ನಾರಾಯಣಸ್ವಾಮಿ ಅಂತ ಇದ್ದದ್ದು. 1935ರಲ್ಲಿ ಮೊದಲ ಕಾದಂಬರಿ ಅಚ್ಚಾಗುವಾಗ ಗ್ರಹಾಂ ಗ್ರೀನ್ ಇಂಗ್ಲೆಂಡಿನಿಂದಲೇ ಕತ್ತರಿ ಹಾಕಿಸಿದ. ಆ ಪುಸ್ತಕದ ಹುಡುಗನೂ ಸ್ವಾಮಿನಾಥನ್ ಇದ್ದವನು ಸ್ವಾಮಿ. ಬರೆದವನಿಗೆ ಮುಂದಿನ ಅರ್ಧ ಉಳಿಯಿತು, ಬರೆಸಿಕೊಂಡವನಿಗೆ ಬೇರೆ ಅರ್ಧ.

ಕುವೆಂಪು? ಅವರಿಗೆ ಇಟ್ಟ ಹೆಸರೇ ಪುಟ್ಟಪ್ಪ. ಮುದ್ದಿಗೆ ಕರೆಯುವ ಹೆಸರೇ ದಾಖಲೆಗೂ ಬಂತು, ರಾಷ್ಟ್ರಕವಿ ಪದವಿಗೂ ಅಡ್ಡಿಯಾಗಲಿಲ್ಲ.

(ಸ್ವಲ್ಪ ಹೊತ್ತು ಸುಮ್ಮನಿದ್ದು) ಅವರು ಹುಟ್ಟಿದ್ದು 1904ರಲ್ಲಿ. 1969ಕ್ಕೆ ಹಿಂದಿನ ಪ್ರಕರಣಗಳ ಬಗ್ಗೆ ಉತ್ತರಿಸಲು ನನಗೆ ಅಧಿಕಾರವಿಲ್ಲ.

ಈಚೆಗೆ ತಮ್ಮ ಗತ್ತು ಹೆಚ್ಚಿದೆ ಅಂತ ಕೇಳಿದ್ದೇನೆ.

ಹೆಚ್ಚದೆ ಏನು? ಮೊದಲು ನನ್ನನ್ನು ಕೇಳುವವರೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಂತ ಒಬ್ಬನಿದ್ದ, ಅವನು ಹೇಳಿದ್ದೇ ಹೆಸರು. ಅವನಿಗೆ ಹೇಳಿಕೊಟ್ಟವರು ಯಾರು? ಒಂದನೇ ಕ್ಲಾಸಿನ ಹೆಡ್‌ಮಾಸ್ತರು. ಗೌಡರ ಮಗ ಸೀನ ಅಂತ ಎಳಕೊಂಡು ಬಂದರೆ, ಅವರೇ ಶ್ರೀನಿವಾಸ ಅಂತ ಬರೆದು, ಹುಟ್ಟಿದ ತಾರೀಕು ಜೂನ್ ಒಂದು ಅಂತಲೂ ಹಾಕಿ, ಗಂಟೆ ಹೊಡೆಸುತ್ತಿದ್ದರು. ಈಗ ಕಾಯ್ದೆ ತಿದ್ದುಪಡಿಯಾಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಸ್ಕೂಲು, ಡ್ರೈವಿಂಗ್ ಲೈಸೆನ್ಸು, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಆಧಾರ್, ಎಲ್ಲದಕ್ಕೂ ನಾನೇ. ಅಂಕಪಟ್ಟಿಯವನು ಇತ್ತೀಚೆಗೆ ಮಾತಾಡಿಸೋದು ಬಿಟ್ಟಿದ್ದಾನೆ.

ಹಾಗಾದರೆ ಇನಿಷಿಯಲ್? ‘ಎಚ್.ಎನ್.’ ಎಂದರೆ ಊರೂ ಅಪ್ಪನೂ ಇಬ್ಬರೂ ಬರುತ್ತಿದ್ದರು.

ಒಳ್ಳೇ ಪದ್ಧತಿ. ಊರು ಬಿಡದೆ ಇದ್ದರೆ. ಪಾಸ್‌ಪೋರ್ಟಿನವರು ಇನಿಷಿಯಲ್ ಮುಟ್ಟೋದಿಲ್ಲ, ಬಿಡಿಸಿ ಬರೆಯಿರಿ ಅಂತಾರೆ. ಇನಿಷಿಯಲ್ಲೇ ಬೇಡ ಅಂತ ಒಂದೇ ಹೆಸರು ಇಟ್ಟುಕೊಂಡವರ ಪಾಡು ಕೇಳಿ. 2022ರ ನವೆಂಬರಿನಲ್ಲಿ ದುಬೈ, ಅಬುಧಾಬಿ ಇರುವ ಯುಎಇ ಸರ್ಕಾರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡೋದಿಲ್ಲ ಅಂದಿತು. ಅಮೆರಿಕದವರು ಬಿಡ್ತಾರೆ, ಆದರೆ ವೀಸಾದ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹೊಡೀತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ನಮ್ಮ ಊರಿನ ಹುಡುಗ ಅಲ್ಲಿ ಇಳಿದ ಮೇಲೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ‘ಮಿಸ್ಟರ್ ಫ್ನೂ’ ಅಂತ ಕೂಗಿದರೆ ಎದ್ದು ನಿಲ್ಲಬೇಕು. ಬೀದಿಯ ಹುಡುಗರು ಕೂಡ ಅಂಥ ಅಡ್ಡಹೆಸರು ಇಟ್ಟಿರಲಿಲ್ಲ.

ತಾವು ಹೆದರುವ ಹೆಸರು ಯಾವುದಾದರೂ?

ಆರಿದ್ರಾ ನಕ್ಷತ್ರದ ಮಕ್ಕಳದು. ಪಂಚಾಂಗದ ಪ್ರಕಾರ ಅವರ ಅಕ್ಷರ ಕು, ಘ, ಙ, ಛ. ಇಲ್ಲಿತನಕ ಎಲ್ಲರೂ ‘ಕು’ ಹಿಡಿದು ಕುಮಾರ, ಕುಸುಮ ಅಂತ ಪಾರಾಗಿದ್ದಾರೆ. ಯಾರೋ ಶಾಸ್ತ್ರನಿಷ್ಠರು ಮೂರನೇ ಪಾದ ಅಂತ ಹಟ ಹಿಡಿದು ಬಂದರೆ ನಮ್ಮ ಗುಮಾಸ್ತರಿಗೆ ಕೀಬೋರ್ಡಿನಲ್ಲಿ ಙ ಎಲ್ಲಿದೆ ಅಂತ ಗೊತ್ತಿಲ್ಲ.

ಬರೆಯಿಸಿಕೊಂಡು ಬೇಸರವಾದದ್ದು?

ಇದೆ. ನನ್ನ ಹಿಂದಿನ ತಲೆಮಾರಿನ ರಿಜಿಸ್ಟರುಗಳಲ್ಲಿ ಸಾಕಮ್ಮ ಅಂತ ಬೇಕಾದಷ್ಟು ಸಿಗ್ತಾರೆ. ಸಾಕಿದ ಪ್ರೀತಿಗೆ ಇಟ್ಟ ಸಾಕಮ್ಮನೂ ಇದ್ದಾಳೆ, ಇಲ್ಲ ಅನ್ನೋದಿಲ್ಲ. ಆದರೆ ಮೂರು, ನಾಲ್ಕು ಹೆಣ್ಣಾದ ಮೇಲೆ ದೇವರಿಗೆ ಕೇಳಲಿ ಅಂತ ಇಟ್ಟದ್ದೇ ಬಹಳ. ಪೂರ್ತಿ ಹೆಸರಿನಲ್ಲಿ ಕೊನೆಗೆ ಒಂದು ‘ಅಮ್ಮ’ ಆದರೂ ಇತ್ತು. ಮನೆಯಲ್ಲಿ ಕರೆಯುವಾಗ ಅದನ್ನೂ ತೆಗೆದು ‘ಸಾಕೂ’ ಅಂತ ಕೂಗುತ್ತಿದ್ದರು, ಅವಳು ನೀರು ತರುತ್ತಿದ್ದಳು.

…ಇಂಗ್ಲಿಷ್ ಸ್ಪೆಲಿಂಗ್ ಬಗ್ಗೆ ಕೇಳಬೇಕೆಂದಿದ್ದೆ.

ಕೇಳಬೇಡಿ. ಟಿ ಒಂದೇ ಹಾಕುವುದೋ, ಟಿಎಚ್ ಹಾಕುವುದೋ ಅನ್ನುವ ಜಗಳ ಒಂದು ಕಡೆ. ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಬಾಲಕ್ಕೆ ಎರಡು ‘ಎ’ ಜಾಸ್ತಿ ಕೇಳುವವರು ಇನ್ನೊಂದು ಕಡೆ. ಕರೆಯುವಾಗ ಎರಡಕ್ಷರಕ್ಕಿಂತ ಹೆಚ್ಚು ಉಚ್ಚರಿಸದವರೇ ಬರೆಯುವಾಗ ಒಂದು ‘ಎ’ಗೆ ಪ್ರಾಣ ಬಿಡುವವರು.

ಇಷ್ಟರಲ್ಲಿ ಗುಮಾಸ್ತರು ಬಾಯಿ ಒರೆಸಿಕೊಂಡು ಬಂದರು. ಸರ್ವರ್ ಬಂದಿತ್ತಂತೆ, ಚೀಟಿ ಮಾತ್ರ ಅಲ್ಲೇ ಇತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಚೀಲದಿಂದ ರಶೀದಿ ತೆಗೆದು ಕಿಟಕಿಯೊಳಗೆ ತೂರಿಸಿದರು. ಗುಮಾಸ್ತರು ಅದನ್ನು ನೋಡಿ, ನನ್ನ ಜೊತೆ ಮಾತಾಡುತ್ತಿದ್ದ ಹಾಳೆಯನ್ನೇ ಎಳೆದುಕೊಂಡರು. ಕಾಲಂ ನೆಟ್ಟಗೆ ಕೂತಿತು.

“ಹೆಸರು ತೀರ್ಮಾನ ಆಯ್ತಾ ಅಜ್ಜಿ?”

“ಆಯ್ತಪ್ಪ. ಬಂಗಾರಿ.”

“ಅದು ಕರೆಯೋ ಹೆಸರು. ಪೂರ್ತಿ ಹೆಸರು ಹೇಳಿ.”

“ಅದೇನೋ ಉದ್ದಕ್ಕೆ ಇಟ್ಟವ್ರೆ. ತಡಿ, ಪುಟ್ಟಂಗೆ ಫೋನ್ ಮಾಡ್ತೀನಿ.”

“ಪುಟ್ಟ ಅಂದ್ರೆ? ಮಗುವಿನ ಅಪ್ಪನಾ? ಇಲ್ಲಿ ಬೇರೆ ಹೆಸರಿದೆಯಲ್ಲ.”

ಅಜ್ಜಿ ಕನ್ನಡಕ ಏರಿಸಿಕೊಂಡು ಕಿಟಕಿಗೆ ಮುಖ ಇಟ್ಟರು. “ಎಲ್ಲಿ, ಏನಂತ ಐತೆ ಓದು ನೋಡಾನ.”