ಹುಲ್ಲಿನಿಂದ ಕಮಾನು ಪಟ್ಟಿಗೆ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸುತ್ತಲಿನ ಅಡಿಕೆ, ಭತ್ತದ ಸೀಮೆಗೆ ಉಂಡು ಮಲಗಿ ಪ್ರಯಾಣಿಸುವ ವಾಹನವೆಂಬುದು ಹೊಸ ಕಲ್ಪನೆಯೇನಲ್ಲ. ಜಾತ್ರೆಗೆ ಹೊರಟ ಕೊಲ್ಲಾರಿ ಬಂಡಿ, ಅಂದರೆ ಬಿದಿರಿನ ತಟ್ಟಿಯನ್ನು ಬಾಗಿಸಿ ಹೊದಿಸಿದ ಎತ್ತಿನ ಗಾಡಿ, ಅದೇ ಕೆಲಸವನ್ನು ಮಾಡುತ್ತಿತ್ತು. ಅದರ ಸಸ್ಪೆನ್ಷನ್ ಎಂದರೆ ಒಳಗೆ ಹಾಸಿದ ಹುಲ್ಲು. ದಾರಿಯುದ್ದಕ್ಕೂ ಎತ್ತುಗಳು ಅದನ್ನೇ ಮೇಯುತ್ತಿದ್ದುದರಿಂದ ಹಿಂದಿರುಗುವ ಪ್ರಯಾಣ ಸಹಜವಾಗಿಯೇ ಹೆಚ್ಚು ಗಡುಸಾಗಿರುತ್ತಿತ್ತು.

ಉಂಡು ಮಲಗಿ ಸಾಗುವ ಇಂದಿನ ವ್ಯಾನಿನಲ್ಲಿ ಆ ಹುಲ್ಲಿನ ಸ್ಥಾನವನ್ನು ಕಮಾನು ಪಟ್ಟಿ, ಎಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ವಹಿಸಿಕೊಂಡಿದೆ. ಮಂಚ, ಸಿಲಿಂಡರು, ರೊಟ್ಟಿಯ ಗಂಟುಗಳ ಜೊತೆಗೆ 100 ಲೀಟರ್ ನೀರು, ಅಂದರೆ 100 ಕಿಲೋ ಭಾರ, ಏರಿದ ಮೇಲೆ ಗಾಡಿಯ ಹಿಂಭಾಗ ಕುಸಿಯುವುದರಿಂದ ಇನ್ನೊಂದು ಪಟ್ಟಿ ಸೇರಿಸುವುದು ರೂಢಿ. ಆದರೆ ಸ್ಪ್ರಿಂಗು ಪೆಟ್ಟನ್ನು ನುಂಗುವುದಿಲ್ಲ, ಕೈಗಡ ತೆಗೆದುಕೊಂಡು ಒಡನೆಯೇ ಹಿಂದಿರುಗಿಸುತ್ತದೆ. ಆ ಕುಣಿತವನ್ನು, ಎಣ್ಣೆಯನ್ನು ಕಿರಿದಾದ ರಂಧ್ರಗಳಲ್ಲಿ ತೂರಿಸಿ, ಶಾಖವಾಗಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಪಟ್ಟಿ ಹೆಚ್ಚಿಸಿ ಸವೆದ ಶಾಕನ್ನೇ ಉಳಿಸಿಕೊಂಡ ಜಿಪುಣತನ ಮೊದಲ ಹಂಪಿನಲ್ಲೇ ಬಯಲಾಗುತ್ತದೆ: ಮುಂದೆ ಕುಳಿತ ಯಜಮಾನರು ಹಂಪು ದಾಟಿತೆಂದು ನಿಶ್ಚಿಂತರಾಗಿರುವಾಗ, ಹಿಂದಿನ ಮಂಚದಲ್ಲಿ ಮಲಗಿದ ಅಜ್ಜಿ ಮೂರನೆಯ ಬಾರಿ ಮೇಲೇಳುತ್ತಿರುತ್ತಾರೆ.