ಕಿಲುಬಿನ ಬೆಲೆ: ಹಿತ್ತಾಳೆ ರೇಜರಿನೊಡನೆ ಪ್ರಶ್ನೋತ್ತರ

ಹಿತ್ತಾಳೆ ಸೇಫ್ಟಿ ರೇಜರ್ ಗಡ್ಡ ತೆಗೆಯುವ ಕೈಸಾಧನ. ಇದಕ್ಕೆ ಮೂರು ಭಾಗ: ಮೇಲೆ ಬಾಗಿದ ಮುಚ್ಚಳ, ಅದರ ಕೆಳಗೆ ಹಲ್ಲಿನ ಅಥವಾ ನೇರ ಅಂಚಿನ ತಟ್ಟೆ, ಎರಡನ್ನೂ ತಿರುಪಿನಿಂದ ಬಿಗಿಯುವ ಹಿಡಿ. ಮುಚ್ಚಳಕ್ಕೂ ತಟ್ಟೆಗೂ ನಡುವೆ ಕೂರುವ ಬ್ಲೇಡು ಬೇರೆ ಜಾತಿ. ಅದು ಉಕ್ಕು, ಐದಾರು ಕ್ಷೌರಕ್ಕೆ ಅದರ ಆಯುಸ್ಸು ಮುಗಿಯಿತು. ರೇಜರಿನ ಆಯುಸ್ಸು ಎಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ನೂರು ದಾಟಿದವು ಈಗಲೂ ಕೆಲಸದಲ್ಲಿವೆ. ಬದುಕೆಲ್ಲ ಕನ್ನಡಿಯ ಎದುರೇ ಕಳೆದರೂ ಈ ವಸ್ತುವಿಗೆ ‘ನಾನು’ ಎನ್ನುವ ಚಟ ಅಂಟಿಲ್ಲ. ವ್ಯಾಕರಣದಲ್ಲಿ ‘ನಾನು’ ಎಂಬುದಕ್ಕೆ ಉತ್ತಮ ಪುರುಷ ಎಂದು ಹೆಸರು. ಬೆಳಗ್ಗೆ ಆರು ಗಂಟೆಗೆ ಎದ್ದು ಬಂದು ನಿಲ್ಲುವ ಪುರುಷರನ್ನು ಇಷ್ಟು ವರ್ಷ ಹತ್ತಿರದಿಂದ ಕಂಡ ಮೇಲೆ ಆ ಪದದ ಮೇಲೆ ರೇಜರಿಗೆ ವಿಶ್ವಾಸ ಹೊರಟುಹೋಗಿದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಅದು ತನ್ನ ಬಗ್ಗೆ ಪಠ್ಯಪುಸ್ತಕದ ಧಾಟಿಯಲ್ಲೇ ಮಾತಾಡಿದೆ.

ಪ್ರಶ್ನೆ: ತಮ್ಮ ಹುಟ್ಟೂರು ಯಾವುದು?

ಉತ್ತರ: ರೇಜರಿಗೆ ಒಂದೇ ಊರು ಹೇಳಿದರೆ ತಪ್ಪಾಗುತ್ತದೆ. ಕ್ಷೌರದ ಕತ್ತಿಗೆ ಕಾವಲು ಕಟ್ಟಿ, ಚರ್ಮ ಕುಯ್ಯದಂತೆ ಮಾಡುವ ಯೋಚನೆ 18ನೆಯ ಶತಮಾನದ ಫ್ರಾನ್ಸಿನಲ್ಲಿ ಜಾನ್-ಜಾಕ್ ಪೆರೆ ಎಂಬ ಕತ್ತಿ ತಯಾರಕನಿಗೆ ಬಂದಿತ್ತು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸೋದರರು ಹಿಡಿಯ ತುದಿಗೆ ಅಡ್ಡಲಾಗಿ ಅಲಗು ಕೂರಿಸಿದ ರೇಜರಿಗೆ ಪೇಟೆಂಟ್ ಪಡೆದರು. ಆದರೆ ಆ ಅಲಗನ್ನು ಬಿಚ್ಚಿ ಮಸೆಯುವ ಕೆಲಸ ತಪ್ಪಲಿಲ್ಲ. ಅದನ್ನು ತಪ್ಪಿಸಿದವನು ಕಿಂಗ್ ಕ್ಯಾಂಪ್ ಜಿಲೆಟ್. ಅವನು ಬಾಟಲಿಯ ಮುಚ್ಚಳ ಮಾರುವ ಕಂಪನಿಯೊಂದರ ಸೇಲ್ಸ್‌ಮನ್. ಆ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರ್, ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳಲು ಬರುವಂಥದ್ದನ್ನು ಹುಡುಕು ಎಂದು ಅವನಿಗೆ ಬುದ್ಧಿ ಹೇಳಿದ್ದ. 1895ರ ಒಂದು ಬೆಳಗ್ಗೆ ಮೊಂಡಾದ ಕತ್ತಿ ಹಿಡಿದು ಕನ್ನಡಿಯೆದುರು ನಿಂತಿದ್ದಾಗ ಆ ವಸ್ತು ಹೊಳೆಯಿತು. ಹೊಳೆದದ್ದನ್ನು ಮಾಡಿ ತೋರಿಸುವುದು ಅವನಿಂದ ಆಗಲಿಲ್ಲ. ಕಾಗದದಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಹದಕ್ಕೆ ತಂದವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1901ರಲ್ಲಿ ಬಾಸ್ಟನ್ನಿನಲ್ಲಿ ಕಂಪನಿ ಶುರುವಾಯಿತು. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರು, 168 ಬ್ಲೇಡು. 1904ರ ನವೆಂಬರ್ 15ರಂದು ಪೇಟೆಂಟ್ ಕೈಗೆ ಬಂತು.

ಪ್ರಶ್ನೆ: ಜಿಲೆಟ್ ಎಂಥ ಮನುಷ್ಯ?

ಉತ್ತರ: ಮೀಸೆಯ ಮನುಷ್ಯ. ಬ್ಲೇಡಿನ ಪೊಟ್ಟಣದ ಮೇಲೆ ದಶಕಗಳ ಕಾಲ ಅವನ ಮೀಸೆಯ ಚಿತ್ರವೇ ಇತ್ತು. ರೇಜರು ಹೊಳೆಯುವುದಕ್ಕೆ ಒಂದು ವರ್ಷ ಮೊದಲು, 1894ರಲ್ಲಿ, ಅವನು ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದಿದ್ದ. ವ್ಯಾಪಾರದ ಪೈಪೋಟಿಯೇ ಎಲ್ಲ ಕೇಡಿನ ಮೂಲ, ಇಡೀ ಉದ್ಯಮವನ್ನು ಜನರೆಲ್ಲರ ಒಂದೇ ಕಂಪನಿ ನಡೆಸಬೇಕು, ಎಲ್ಲರೂ ನಯಾಗರ ಜಲಪಾತದ ಬಳಿ ಒಂದೇ ಮಹಾನಗರದಲ್ಲಿ ವಾಸಿಸಬೇಕು ಎಂಬುದು ಅದರ ವಾದ. ಮುಂದೆ ಅವನ ಹೆಸರಿನ ಕಂಪನಿ ತನ್ನ ಪೇಟೆಂಟನ್ನು ಕಾಯಲು ಪೈಪೋಟಿಗಾರರ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿತು. ಪುಸ್ತಕದ ಒಂದು ಭಾಗವಾದರೂ, ಅಂದರೆ ಒಂದೇ ಕಂಪನಿ ಇರಬೇಕು ಎಂಬ ಭಾಗ, ಆಚರಣೆಗೆ ಬರಲಿ ಎಂದಿರಬೇಕು.

ಪ್ರಶ್ನೆ: ಹಾಗಾದರೆ ಎಸೆಯುವುದಕ್ಕೆಂದೇ ಹುಟ್ಟಿದ ವಂಶ ತಮ್ಮದು?

ಉತ್ತರ: ಎಸೆಯತಕ್ಕದ್ದು ಬ್ಲೇಡು. ರೇಜರು ಮನೆಯಲ್ಲಿ ಉಳಿದು, ಮುಂದಿನ ಬ್ಲೇಡಿಗೆ ದಾರಿ ನೋಡತಕ್ಕದ್ದು. ಮೊದಮೊದಲು ಅದರ ಬೆಲೆ 5 ಡಾಲರ್, ಕೂಲಿಯವರ ಕೈಗೆಟುಕುವಂಥದ್ದಲ್ಲ. ಮೊದಲ ಮಹಾಯುದ್ಧಕ್ಕೆ ಇಳಿದ ಅಮೆರಿಕದ ಸರ್ಕಾರ ಸೈನಿಕರಿಗೆಂದು 35 ಲಕ್ಷ ರೇಜರು ತರಿಸಿತು. ಯುದ್ಧ ಮುಗಿದ ಮೇಲೆ ರೇಜರು ಸೈನಿಕರ ಜೊತೆ ಊರಿಗೆ ಹೋಯಿತು. ಬ್ಲೇಡನ್ನು ಮಾತ್ರ ಅವರು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಾಯಿತು. ಆನೆ ಬಿಟ್ಟಿ, ಅಂಕುಶಕ್ಕೆ ತಿಂಗಳ ಕಂತು. 1921ರಲ್ಲಿ ಮೂಲ ಪೇಟೆಂಟಿನ ಅವಧಿ ಮುಗಿದ ಮೇಲೆ ಆನೆಯ ಬೆಲೆಯೂ ಇಳಿಯಿತು. ಎಸೆಯುವ ವಸ್ತುವಿಗೆ ಆಧಾರವಾಗಲೆಂದು ಮಾಡಿದ ಕಂಬ ಇಷ್ಟು ಕಾಲ ನಿಲ್ಲುತ್ತದೆಂದು ಕಂಪನಿ ಲೆಕ್ಕ ಹಾಕಿದಂತಿಲ್ಲ.

ಪ್ರಶ್ನೆ: ಹಿತ್ತಾಳೆಯೇ ಏಕೆ? ಚಿನ್ನದ ರೇಜರೂ ಉಂಟಲ್ಲ?

ಉತ್ತರ: ಚಿನ್ನದ್ದೆಂದು ಮಾರುವುದರಲ್ಲಿ ಬಹುಪಾಲು ಗಿಲೀಟು. ಒಳಗೆ ಹಿತ್ತಾಳೆಯೇ. ತಾಮ್ರ ಹೆಚ್ಚುಕಡಿಮೆ ನೂರಕ್ಕೆ 60, ಉಳಿದದ್ದು ಸತು, ಲೇತಿನಲ್ಲಿ ಸಲೀಸಾಗಿ ಕಡೆಯಲೆಂದು ಚೂರು ಸೀಸ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ತಿರುಪಿನ ಎಳೆ ಅದರಲ್ಲಿ ಚೊಕ್ಕವಾಗಿ ಮೂಡುತ್ತದೆ. ಬೆಳ್ಳಿ, ಚಿನ್ನ, ನಿಕಲ್ ಯಾವುದನ್ನು ಬಳಿದರೂ ಕಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಭಾರ: ಒಂದು ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಅಂದರೆ ಉಕ್ಕಿಗಿಂತ ತುಸು ಹೆಚ್ಚು, ಅಲ್ಯೂಮಿನಿಯಮ್ಮಿನ ಮೂರು ಪಟ್ಟು. ಈಗಿನ ಅಗ್ಗದ ರೇಜರುಗಳು ಸತುವಿನ ಮಿಶ್ರಲೋಹದವು, ಮೇಲೆ ಕ್ರೋಮಿನ ಹೊಳಪು. ಆ ಹೊಳಪಿಗೆ ಸೂಜಿಮೊನೆಯಷ್ಟು ಗಾಯವಾದರೂ ನೀರು ಒಳಹೊಕ್ಕು ಸತುವನ್ನು ತಿನ್ನತೊಡಗುತ್ತದೆ. ಕೊನೆಗೊಂದು ದಿನ ತಿರುಪು ಕಳಚಿ ಮುಚ್ಚಳ ಕೈಗೆ ಬರುತ್ತದೆ. ಇಲ್ಲಿಯೇ ಒಂದು ಆಕ್ಷೇಪವನ್ನೂ ದಾಖಲಿಸಬೇಕು. ಚಾಡಿ ಕೇಳುವವರಿಗೆ ಕನ್ನಡದಲ್ಲಿ ‘ಹಿತ್ತಾಳೆ ಕಿವಿ’ ಎನ್ನುತ್ತಾರೆ. ದಿನವೂ ಕಿವಿಯ ಬುಡದಲ್ಲೇ ಓಡಾಡುವ ಈ ಹಿತ್ತಾಳೆ ಇದುವರೆಗೆ ಒಬ್ಬರ ಚಾಡಿಯನ್ನೂ ನಂಬಿದ ದಾಖಲೆಯಿಲ್ಲ.

ಪ್ರಶ್ನೆ: ಬಳಸುವ ಕ್ರಮ?

ಉತ್ತರ: ಮೊದಲು ನೀರು. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆಂದರೆ ಕೂದಲು ಉಬ್ಬಿ ಮೆತ್ತಗಾಗುತ್ತದೆ. ಸ್ನಾನವಾದ ಮೇಲೆ ಕ್ಷೌರಕ್ಕೆ ಕೂತರೆ ಈ ಕೆಲಸ ಪುಕ್ಕಟೆ. ಆಮೇಲೆ ಬ್ರಷ್ಷು, ಸೋಪು, ನೊರೆ. ರೇಜರನ್ನು ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಒತ್ತಬಾರದು. ಕೈ ದಾರಿ ತೋರಿಸಿದರೆ ಸಾಕು, ಭಾರ ತಾನೇ ಕೆಲಸ ಮಾಡುತ್ತದೆ. ಒಂದರ ಹಿಂದೆ ಒಂದು ಐದು ಅಲಗಿನ ಕಾರ್ಟ್ರಿಜ್ಜಿಗೆ ಒಗ್ಗಿಹೋದವರಿಗೆ ಇದೊಂದು ಪಾಠ ತಲೆಗೆ ಹತ್ತುವುದಿಲ್ಲ. ಅವರು ತೆಂಗಿನಕಾಯಿ ತುರಿಯುವ ಹಾಗೆ ಒತ್ತುತ್ತಾರೆ. ಕೆರೆದು ಹುಣ್ಣು ಮಾಡಿಕೊಳ್ಳುವುದು ಎಂಬ ಮಾತಿನ ಅರ್ಥ ಮೊದಲ ಸಲ ಪೂರ್ತಿ ಆಗುತ್ತದೆ. ಆಮೇಲೆ ಪಟಿಕದ ತುಂಡು ಹುಡುಕುತ್ತಾರೆ. ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿನಲ್ಲೇ ಆಗಬೇಕು. ಎದುರು ದಿಕ್ಕಿನ ಸುತ್ತು ಚರ್ಮ ಒಪ್ಪಿದವರಿಗೆ ಮಾತ್ರ. ಕತ್ತಿನ ಕೆಳಗೆ ಕೂದಲು ಯಾವ ಕಡೆ ಮಲಗಿದೆ ಎಂಬುದು ಎಷ್ಟೋ ಜನರಿಗೆ ನಿವೃತ್ತಿಯಾಗುವವರೆಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಐದು ಅಲಗಿನ ಬಗ್ಗೆ ಅಸೂಯೆ?

ಉತ್ತರ: 1971ರಲ್ಲಿ ಎರಡು ಅಲಗು ಬಂತು, 1998ರಲ್ಲಿ ಮೂರು, 2006ರಲ್ಲಿ ಐದು. ಗಡ್ಡ ಮಾತ್ರ ಮೊದಲಿನಂತೆ ದಿನಕ್ಕೆ ಅರ್ಧ ಮಿಲಿಮೀಟರಿಗೂ ಕಡಿಮೆಯೇ ಬೆಳೆಯುತ್ತಿದೆ. ನುಣ್ಣಗೆ ಬೋಳಿಸಿಕೊಂಡದ್ದು ಗಡ್ಡವನ್ನೋ ಜೇಬನ್ನೋ ಎಂಬುದನ್ನು ಬಿಲ್ಲು ನೋಡಿ ತಿಳಿಯಬೇಕು. 2010ರಲ್ಲಿ ಜಿಲೆಟ್ ಕಂಪನಿಯೇ ಭಾರತಕ್ಕೆಂದು ತಯಾರಿಸಿ 15 ರೂಪಾಯಿಗೆ ಮಾರಿದ ಗಾರ್ಡ್ ರೇಜರಿನಲ್ಲಿ ಎಷ್ಟು ಅಲಗು ಎಂದು ಯಾರೂ ಕೇಳುವುದಿಲ್ಲ. ಒಂದು.

ಪ್ರಶ್ನೆ: ಕರ್ನಾಟಕದ ಕ್ಷೌರದಂಗಡಿಗಳಲ್ಲಿ ತಮ್ಮನ್ನು ಕಾಣುವುದಿಲ್ಲವಲ್ಲ?

ಉತ್ತರ: ಅಲ್ಲಿ ಇರುವುದು ಬ್ಲೇಡು. ಎರಡಂಚಿನ ಬ್ಲೇಡನ್ನು ಪೊಟ್ಟಣದೊಳಗೇ ಮಧ್ಯಕ್ಕೆ ಮುರಿದು, ಅರ್ಧವನ್ನು ಮಡಚುವ ಕತ್ತಿಯ ಹಿಡಿಗೆ ಸಿಕ್ಕಿಸುತ್ತಾರೆ. ಏಡ್ಸ್ ಜಾಗೃತಿಯ ವರ್ಷಗಳಿಂದ ಗಿರಾಕಿಗಳು ಕುರ್ಚಿಯಲ್ಲಿ ಕೂರುತ್ತಲೇ ‘ಹೊಸ ಬ್ಲೇಡ್ ಹಾಕಿ’ ಎನ್ನುವುದು ರೂಢಿಯಾಗಿದೆ. ರೇಜರು ಮನೆಯ ವಸ್ತು. ಭಾನುವಾರ ಅಂಗಡಿಯ ಬೆಂಚಿನಲ್ಲಿ ಕಾಯುವ ತಾಳ್ಮೆಯಿಲ್ಲದವರ ವಸ್ತು.

ಪ್ರಶ್ನೆ: ಮುಪ್ಪಿನ ವಿಚಾರಕ್ಕೆ ಬರೋಣ.

ಉತ್ತರ: ಬರಬಹುದು, ಮಾರುಕಟ್ಟೆ ಈಗ ಇರುವುದೇ ಅಲ್ಲಿ. ಬಳಿದ ಲೇಪವಿಲ್ಲದ ಹೊಸ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತದೆ. ಕೆಲವು ವಾರಗಳಲ್ಲಿ ಗಾಳಿಯ ಆಮ್ಲಜನಕ ತಾಮ್ರದೊಡನೆ ಸೇರಿ ಮೇಲ್ಮೈ ಜೇನಿನ ಬಣ್ಣಕ್ಕೆ, ಮುಂದೆ ಕಂದಿಗೆ ತಿರುಗುತ್ತದೆ. ಗಂಧಕ ತಾಗಿದಲ್ಲಿ ಕಪ್ಪಾಗುತ್ತದೆ. ಬೆವರಿನ ಉಪ್ಪು, ನಿಂತ ನೀರು ಸೇರಿದ ಸಂದಿಗಳಲ್ಲಿ ಹಸಿರು ಏಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಅದರ ಸುಣ್ಣ ಸೋಪಿನೊಡನೆ ಕೂಡಿ ಬಿಳಿ ಪೊರೆ ಕಟ್ಟುತ್ತದೆ. ಈ ಎಲ್ಲದಕ್ಕೂ ಕನ್ನಡದಲ್ಲಿ ಕಿಲುಬು, ಕೊಳೆ ಎಂಬ ಎರಡು ಪದ ಸಾಕಾಗಿದ್ದವು. ಹುಣಸೆಹಣ್ಣು, ಚಿಟಿಕೆ ಉಪ್ಪು, ತೆಂಗಿನ ನಾರು ಹಿಡಿದು ಬಚ್ಚಲ ಕಟ್ಟೆಯ ಮೇಲೆ ಕೂತ ಅಜ್ಜಿ ಹತ್ತು ನಿಮಿಷದಲ್ಲಿ ಅದನ್ನು ಇತ್ಯರ್ಥ ಮಾಡುತ್ತಿದ್ದಳು. ಹುಣಸೆಯ ಹುಳಿ ಆಕ್ಸೈಡನ್ನು ಕರಗಿಸುತ್ತದೆ, ಅಷ್ಟೇ ರಹಸ್ಯ. ಈಗ ಅದೇ ಕಿಲುಬಿನ ಹೆಸರು ‘ಪ್ಯಾಟಿನಾ’. ಹೆಸರು ಬದಲಾದೊಡನೆ ಬೆಲೆ ಏರಿತು.

ಪ್ರಶ್ನೆ: ಮುಪ್ಪನ್ನು ಬೇಗ ತರಿಸುವವರೂ ಇದ್ದಾರಂತೆ?

ಉತ್ತರ: ಇದ್ದಾರೆ. ಬೇಯಿಸಿದ ಕೋಳಿಮೊಟ್ಟೆಯನ್ನು ಹೋಳು ಮಾಡಿ, ರೇಜರಿನ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಮೊಟ್ಟೆಯಿಂದ ಹೊರಡುವ ಗಂಧಕದ ಅನಿಲ ಒಂದೆರಡು ದಿನದಲ್ಲಿ ಹಿತ್ತಾಳೆಗೆ ಹಲವು ವರ್ಷಗಳ ಕಂದು ಬಣ್ಣ ಕೊಡುತ್ತದೆ. ಶ್ರಾವಣದಲ್ಲಿ ಮೊಟ್ಟೆ ಒಳಗೆ ಬಿಡದ ಮನೆಗಳಲ್ಲಿ ಏನು ಮಾಡುತ್ತಾರೆಂಬುದು ಪ್ರತ್ಯೇಕ ಅಧ್ಯಯನದ ವಿಷಯ. ಕೆಲವರು ಅಮೋನಿಯಾದ ಆವಿ ಹಿಡಿಸುತ್ತಾರೆ. ಇಲ್ಲಿ ಒಂದು ಹಳೆಯ ಘಟನೆ ನೆನೆಯತಕ್ಕದ್ದು. ಬ್ರಿಟಿಷರ ಕಾಲದ ಭಾರತದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಇದ್ದಲ್ಲೇ ಬಿರುಕು ಬಿಡುತ್ತಿದ್ದವು. ಅವನ್ನು ಇಟ್ಟಿದ್ದು ಕುದುರೆ ಲಾಯಗಳಲ್ಲಿ. ಕುದುರೆ ಮೂತ್ರದ ಅಮೋನಿಯಾ, ತೇವ, ಅಚ್ಚಿನಲ್ಲಿ ಎಳೆದು ಮಾಡಿದ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಸೇರಿ ಹಿತ್ತಾಳೆಯನ್ನು ಸೀಳುತ್ತವೆಂದು ತಿಳಿದದ್ದು ಬಹಳ ತಡವಾಗಿ. ಮಳೆಗಾಲದ ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಾಯಿತು. ಗಟ್ಟಿ ಹಿತ್ತಾಳೆಯನ್ನು ಕಡೆದು ಮಾಡಿದ ದಪ್ಪ ರೇಜರಿಗೆ ಈ ಭಯ ಕಡಿಮೆ. ತೆಳ್ಳನೆಯ ಕೊಳವೆಯ ಹಿಡಿಯಿರುವ ಹಳೆಯ ರೇಜರುಗಳಲ್ಲಿ ಹಿಡಿಯ ಉದ್ದಕ್ಕೂ ಸೀಳಿದವು ಸಂಗ್ರಾಹಕರ ಕೈಗೆ ಆಗಾಗ ಸಿಗುತ್ತವೆ. ಬಣ್ಣಕ್ಕೆಂದು ಅಂಥದ್ದಕ್ಕೆ ಅಮೋನಿಯಾ ಹಿಡಿಸುವವರು ದುಡ್ಡು ಕೊಟ್ಟು ಕುದುರೆ ಲಾಯ ಕಟ್ಟಿಸಿದಂತೆ.

ಪ್ರಶ್ನೆ: ತಮಗೆ ಯಾವುದು ಇಷ್ಟ, ಹೊಳಪೋ ಮುಪ್ಪೋ?

ಉತ್ತರ: ರೇಜರಿಗೆ ಇಷ್ಟಾನಿಷ್ಟಗಳಿಲ್ಲ. ಒಂದು ಗಮನಿಕೆಯನ್ನಷ್ಟೇ ದಾಖಲಿಸಬಹುದು: ಅದರ ಮುಖದ ಮೇಲೆ ಕಾಲದ ಗುರುತು ಬೇಕೆಂದು ಮೊಟ್ಟೆ ಬೇಯಿಸುವ ಕೈಯೇ, ತನ್ನ ಮುಖದ ಮೇಲೆ ನಿನ್ನೆಯ ಗುರುತೂ ಇರಬಾರದೆಂದು ಅದನ್ನು ಎತ್ತಿಕೊಳ್ಳುತ್ತದೆ.

ಪ್ರಶ್ನೆ: ಆರೈಕೆ?

ಉತ್ತರ: ಕ್ಷೌರ ಮುಗಿದೊಡನೆ ಮೂರೂ ಭಾಗ ಬಿಚ್ಚಿ ತೊಳೆದು, ಒರೆಸಿ, ಗಾಳಿಗೆ ಇಡುವುದು. ಹೊಳಪು ಬೇಕಾದವರು ಹುಣಸೆಹುಳಿ ಹಚ್ಚಿ, ಉಜ್ಜಿ, ತಡಮಾಡದೆ ತೊಳೆಯುವುದು. ನಿಕಲ್ ಅಥವಾ ಚಿನ್ನ ಬಳಿದದ್ದಕ್ಕೆ ಹುಣಸೆಯೂ ಬೇಡ, ನಾರೂ ಬೇಡ. ಎರಡು ಹಬ್ಬ ಕಳೆಯುವಷ್ಟರಲ್ಲಿ ಗಿಲೀಟು ಹೋಗಿ ಒಳಗಿನ ಜಾತಿ ಹೊರಬೀಳುತ್ತದೆ.

ಪ್ರಶ್ನೆ: ಹಳೆಯ ಬ್ಲೇಡುಗಳು ಎಲ್ಲಿ ಹೋಗುತ್ತವೆ?

ಉತ್ತರ: ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲ ಕನ್ನಡಿಯ ಹಿಂದಿನ ಗೂಡಿಗೆ ಒಂದು ಸೀಳು ಇರುತ್ತಿತ್ತು. ಅದರಲ್ಲಿ ತೂರಿಸಿದ ಬ್ಲೇಡು ಗೋಡೆಯ ಪೊಳ್ಳಿಗೆ ಬೀಳುತ್ತಿತ್ತು; ಈಗ ಗೋಡೆ ಒಡೆಯುವವರ ಕಾಲಬುಡಕ್ಕೆ ಮೂರು ತಲೆಮಾರಿನ ಗಡ್ಡದ ಲೆಕ್ಕ ಸುರಿಯುತ್ತದೆ. ಕನ್ನಡದ ಮನೆಗಳಲ್ಲಿ ಬ್ಲೇಡಿಗೆ ಅಷ್ಟು ಬೇಗ ನಿವೃತ್ತಿಯಿರಲಿಲ್ಲ. ಪೆನ್ಸಿಲು ಹೆರೆದು, ಹೊಲಿಗೆ ಬಿಚ್ಚಿ, ಉಗುರು ಕತ್ತರಿಸಿ, ಕೊನೆಗೆ ಕಿಟಕಿಯ ಸಂದಿಯಲ್ಲಿ ಯಾರದೋ ಬೆರಳಿಗಾಗಿ ಕಾಯುತ್ತಿತ್ತು.

ಪ್ರಶ್ನೆ: ಮತ್ತು ರೇಜರು?

ಉತ್ತರ: ಮಕ್ಕಳಿಗೆ ಬೇಕಾದರೆ ಮಕ್ಕಳಿಗೆ. ಬೇಡವಾದರೆ ಗುಜರಿಗೆ. ಹಿತ್ತಾಳೆ ಎಷ್ಟು ಸಲ ಕರಗಿಸಿದರೂ ಹಿತ್ತಾಳೆಯೇ, ಆದ್ದರಿಂದ ನಲ್ಲಿಯೋ ದೀಪದ ಕಂಬವೋ ಆಗಿ ಮರಳಿ ಬರುತ್ತದೆ. ಗುಜರಿಯವನು ಹಿತ್ತಾಳೆಯನ್ನು ಕಬ್ಬಿಣದ ಜೊತೆ ಹಾಕುವುದಿಲ್ಲ, ಬೇರೆ ತೂಗುತ್ತಾನೆ. ಪ್ಯಾಟಿನಾಕ್ಕೆಂದು ಹೆಚ್ಚು ಕೊಡುವುದಿಲ್ಲ, ಕಿಲುಬೆಂದು ಮುರಿದುಕೊಳ್ಳುವುದೂ ಇಲ್ಲ. ತಕ್ಕಡಿಗೆ ಹಾಕುವ ಮೊದಲು ಹಿಡಿ ತಿರುಗಿಸಿ, ಒಳಗೆ ಬ್ಲೇಡು ಉಳಿದಿದೆಯೇ ಎಂದು ನೋಡಿಕೊಳ್ಳುತ್ತಾನೆ.