ಕಂಪನಿ ಹೋಯ್ತ್, ಸ್ಪೀಕರ್ ಇತ್ತ್

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಹೆಚ್ಚು ದೂರವಿಲ್ಲದ ಒಂದು ರಿಪೇರಿ ಅಂಗಡಿ. ಬಿಚ್ಚಿ ಹಾಕಿದ ಮಿಕ್ಸಿ, ರಿಮೋಟುಗಳ ರಾಶಿ, ಬೆಸುಗೆಯ ಹೊಗೆ. ಇವುಗಳ ನಡುವೆ ಮೇಜಿನ ಮೇಲೆ ಕೂತಿರುವುದು ಅರ್ಧ ಕಿಲೋ ಕೂಡ ತೂಗದ, ಮೈಗೆಲ್ಲ ಲೋಹದ ಜಾಲರಿ ಸುತ್ತಿಕೊಂಡ ಒಂದು ಬ್ಲೂಟೂತ್ ಸ್ಪೀಕರ್. ಹೆಸರು ಜಾಮ್‌ಬಾಕ್ಸ್, ಮನೆತನ ಜಾಬೋನ್. ಪತ್ರಿಕೆಯ ಪ್ರತಿನಿಧಿ ಪುಸ್ತಕ ಬಿಡಿಸುವ ಮೊದಲೇ ಅದು ಬಾಯಿ ತೆರೆಯಿತು.

‘ಬ್ಯಾಟರಿ ಸುಮಾರು ಕಾಲು ಭಾಗ ಉಳಿದಿದೆ.’

ಬಂದವರಿಗೆ ಮೊದಲು ನಮಸ್ಕಾರ ಹೇಳುವ ಪದ್ಧತಿ ಇಲ್ಲವೇ ಎಂದು ಪ್ರತಿನಿಧಿ ಕೇಳಿದರು. ಇಲ್ಲವಂತೆ. ತನಗೆ ಕಲಿಸಿದ್ದು ಬ್ಯಾಟರಿ ಎಷ್ಟಿದೆ ಎಂದು ಹೇಳುವುದು, ಫೋನಿಗೆ ಜೋಡಿಯಾಗಲು ತಯಾರಿದ್ದೇನೆ ಎಂದು ಹೇಳುವುದು, ಇಂಥ ನಾಲ್ಕಾರು ಮಾತು ಮಾತ್ರ. ದನಿ ಬೇಸರವಾದರೆ ಕಂಪನಿಯ ಮೈಟಾಕ್ ಎಂಬ ಜಾಲತಾಣದಿಂದ ಬೇರೆ ದನಿ ಇಳಿಸಿಕೊಳ್ಳಬಹುದಿತ್ತು. ‘ಈಗ ದನಿ ಬದಲಿಸುವಂತಿಲ್ಲ. ಕೊನೆಗೆ ಯಾವುದು ಹಾಕಿದ್ದರೋ ಅದೇ ಗಟ್ಟಿಯಾಯಿತು’ ಎಂದಿತು ಜಾಮ್‌ಬಾಕ್ಸ್.

ಅದು ಹೇಳಿದ ಪೂರ್ವೋತ್ತರ ಹೀಗಿದೆ. ಮೂಲ ಸಂಸ್ಥೆಯ ಹೆಸರು ಅಲಿಫ್‌ಕಾಂ; ಸ್ಯಾನ್ ಫ್ರಾನ್ಸಿಸ್ಕೊದ್ದು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಹೊಸೈನ್ ರಹಮಾನ್, ಅಲೆಕ್ಸಾಂಡರ್ ಅಸೈಲಿ ಎಂಬಿಬ್ಬರು 1990ರ ದಶಕದ ಕೊನೆಗೆ ಕಟ್ಟಿದ್ದು. ಗದ್ದಲದ ನಡುವೆಯೂ ಮಾತು ಸ್ಪಷ್ಟವಾಗಿ ಕೇಳಿಸುವ ವಿದ್ಯೆ ಅವರ ಬಂಡವಾಳ. ಮೊದಲು ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಬಂತು, 2010ರ ನವೆಂಬರಿನಲ್ಲಿ ಜಾಮ್‌ಬಾಕ್ಸ್ ಬಂತು. ರೂಪ ಕೊಟ್ಟವರು ಹೆಸರಾಂತ ವಿನ್ಯಾಸಕಾರ ಇವ್ ಬೆಹಾರ್. ಬೆಲೆ 199 ಡಾಲರ್, ಆಗಿನ ಲೆಕ್ಕಕ್ಕೆ ಒಂಬತ್ತು ಸಾವಿರ ರೂಪಾಯಿ ಹತ್ತಿರ.

‘ಒಂಬತ್ತ್ ಸಾವ್ರವಾ? ಈ ಸಾಬೂನ್ ಪೆಟ್ಟಿಗಿಗೆ?’

ಮಾತಾಡಿದ್ದು ಮೇಲೆ ಜಂತಿಗೆ ನೇತು ಹಾಕಿದ್ದ, ಮೈಕ್‌ಸೆಟ್ಟಿನ ಹಳೆಯ ಹಾರ್ನ್. ಬಣ್ಣ ಅರ್ಧ ಹೋಗಿದೆ, ಅಂಚು ತಗ್ಗಿದೆ. ಕೊಡಿ ಹಬ್ಬ, ವಂಡಾರಿನ ಕಂಬಳ, ಮಾರಣಕಟ್ಟೆ ಯಕ್ಷಗಾನ ಮೇಳದ ಆಟ, ಊರ ಮದುವೆ ಎಲ್ಲ ಕಂಡ ಜೀವ. ಈ ಸಂದರ್ಶನಕ್ಕೆ ಅದನ್ನು ಕರೆದಿರಲಿಲ್ಲ. ಆದರೆ ಹಾರ್ನಿಗೆ ಸುಮ್ಮನಿರಿ ಎಂದು ಹೇಳುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ಅದೂ ರಾತ್ರಿ ಹತ್ತರ ಮೇಲೆ.

ಇಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಜಾಮ್‌ಬಾಕ್ಸಿನ ಉತ್ತರ ಸರಳ. ಬ್ರಹ್ಮಾವರ ತಾಲ್ಲೂಕಿನ ಒಂದು ಮನೆಗೆ ಅಮೆರಿಕದ ಮಗ ಸೂಟ್‌ಕೇಸಿನಲ್ಲಿ, ಸ್ವೆಟರಿನ ಒಳಗೆ ಸುತ್ತಿ ತಂದ. ಮೊದಲ ವಾರ ಇಂಗ್ಲಿಷ್ ಹಾಡು. ಮಗ ವಿಮಾನ ಹತ್ತಿದ ಮೇಲೆ ಅಮ್ಮನ ಭಜನೆ. ಅಮ್ಮ ಅಡುಗೆಮನೆಗೆ ಹೋದ ಮೇಲೆ ಅಪ್ಪಯ್ಯನ ಯಕ್ಷಗಾನ. ‘ಚೆಂಡೆಗೆ ಒಂದೊಂದು ಪೆಟ್ಟು ಬಿದ್ದಂತೆ ನಾನು ಮೇಜಿನ ಮೇಲೆ ಒಂದೊಂದು ಬೆರಳು ಸರಿಯುತ್ತಿದ್ದೆ. ಬಾಸ್ ಹೆಚ್ಚಾದರೆ ನನ್ನ ಜಾತಿಯವರೆಲ್ಲ ನಡೆಯುತ್ತಾರೆ. ವೀರರಸದ ಪದ ಬಂದರೆ ಅಪ್ಪಯ್ಯ ಕೈ ಅಡ್ಡ ಹಿಡಿಯುತ್ತಿದ್ದರು.’

‘ನಾನ್ ಕಂಬಕ್ ಕಟ್ಟಿರೆ ಅಲ್ಲೇ ಇಪ್ಪುದ್’ ಎಂದಿತು ಹಾರ್ನ್.

ಪ್ರತಿನಿಧಿ ವಿಷಯಕ್ಕೆ ಬಂದರು. ಇಷ್ಟು ಚೆಂದದ ವಸ್ತು ಮಾಡಿದ, ಅದನ್ನು ಜನ ಕೊಂಡ ಕಂಪನಿ ಮುಳುಗಿದ್ದು ಹೇಗೆ?

ಜಾಮ್‌ಬಾಕ್ಸ್ ಗಂಟಲು ಸರಿಮಾಡಿಕೊಂಡಿತು. ಸ್ಪೀಕರ್ ಮಾರಾಟ ಚೆನ್ನಾಗಿತ್ತು. ಒಂದು ಹೊತ್ತಿಗೆ ಕೈಯಲ್ಲಿ ಹಿಡಿಯುವ ಬ್ಲೂಟೂತ್ ಸ್ಪೀಕರ್ ಎಂದರೆ ಅದೇ. ಆಮೇಲೆ ದೊಡ್ಡದು ಬಂತು, ಸಣ್ಣದು ಬಂತು. ಅಷ್ಟರಲ್ಲಿ ಕಂಪನಿಗೆ ಗ್ರಾಹಕರ ಕಿವಿ ಸಾಲದಾಗಿ ಕೈ ಬೇಕೆನಿಸಿತು. 2011ರ ನವೆಂಬರಿನಲ್ಲಿ ‘ಅಪ್’ ಎಂಬ ಕೈಪಟ್ಟಿ ಬಿಟ್ಟಿತು. ನಡೆದ ಹೆಜ್ಜೆ, ಮಲಗಿದ ನಿದ್ದೆ ಎಲ್ಲ ಲೆಕ್ಕ ಇಡುವಂಥದ್ದು. ಅವು ಒಂದೊಂದಾಗಿ ಕೆಟ್ಟು ಕೂತವು. ಡಿಸೆಂಬರಿನಲ್ಲಿ ಕಂಪನಿಯೇ ಕೊಂಡವರಿಗೆಲ್ಲ ಪೂರ್ತಿ ಹಣ ವಾಪಸ್ ಎಂದು ಘೋಷಿಸಿತು. ಕಾರಣ ಹೇಳಬೇಕಾಗಿಲ್ಲ, ಪಟ್ಟಿ ಹಿಂದಿರುಗಿಸಬೇಕಾಗಿಯೂ ಇಲ್ಲ.

‘ವಸ್ತುವೂ ಕೊಡುಕಿಲ್ಯಾ?’ ಹಾರ್ನಿನ ದನಿ ಒಡೆಯಿತು. ಅಷ್ಟು ಉದಾರಿಯಾದ ಧಣಿಯನ್ನು ಅದು ವಂಡಾರಿನಿಂದ ತಗ್ಗರ್ಸೆಯ ತನಕ ಯಾವ ಕಂಬಳದ ಗದ್ದೆಯಲ್ಲೂ ಕಂಡಿಲ್ಲ.

ಆ ಉದಾರತೆಗೆ ಹಣ ಕೊಟ್ಟವರು ಹೂಡಿಕೆದಾರರು. ಒಟ್ಟು 90 ಕೋಟಿ ಡಾಲರ್‌ಗೂ ಮೇಲೆ ಅದರ ಹೊಟ್ಟೆ ಸೇರಿತು. 2014ರಲ್ಲಿ ಕಂಪನಿಯ ಬೆಲೆ 300 ಕೋಟಿ ಡಾಲರ್‌ಗಿಂತ ಹೆಚ್ಚೆಂದು ಲೆಕ್ಕ ಹಾಕಿದ್ದರು. ಮುಂದಿನ ವರ್ಷಗಳಲ್ಲಿ ಆ ಲೆಕ್ಕ ಇಳಿಯಿತು. ಕೈಪಟ್ಟಿಯಲ್ಲಿ ಫಿಟ್‌ಬಿಟ್ ಎಂಬ ಪ್ರತಿಸ್ಪರ್ಧಿ ಮುಂದೆ ಹೋಯಿತು, ಇಬ್ಬರೂ ಕೋರ್ಟಿಗೆ ಹೋದರು, ಆಪಲ್ ಕೈಗಡಿಯಾರ ತಂದಿತು. ಸ್ಪೀಕರಿನ ಪೇಟೆಯಲ್ಲಂತೂ ಇದರ ಕಾಲು ಬೆಲೆಗೆ ಇದರಷ್ಟೇ ಕೂಗುವ ಪೆಟ್ಟಿಗೆಗಳು ತುಂಬಿದವು. 2016ರಲ್ಲಿ ತಯಾರಿಕೆ ನಿಂತಿತು. 2017ರ ಜುಲೈಯಲ್ಲಿ ಕಂಪನಿಯ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವ ಕೆಲಸ ಶುರುವಾದ ಸುದ್ದಿ ಹೊರಬಿತ್ತು.

ಆದರೆ ಗ್ರಾಹಕರಿಗೆ ಸಾವಿನ ಸುಳಿವು ಸಿಕ್ಕಿದ್ದು ಬೇರೆ ದಾರಿಯಿಂದ. ದೂರು ಕೊಟ್ಟರೆ ಉತ್ತರ ಬರುವುದು ನಿಂತಿತು. ದೂರು ಕೇಳುವ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಸಂಸ್ಥೆಗೇ ಬಾಕಿ ಕೊಟ್ಟಿಲ್ಲವೆಂದು 2016ರಲ್ಲಿ ವರದಿಯಾಯಿತು. ಅಂದರೆ ಗ್ರಾಹಕರ ಸಿಟ್ಟನ್ನು ಕೇಳಿಸಿಕೊಳ್ಳಬೇಕಾದವರೇ ಹಣ ಬರಬೇಕೆಂದು ಸಿಟ್ಟಾದವರ ಸಾಲಿನಲ್ಲಿ ನಿಂತಿದ್ದರು. ಗದ್ದಲದಲ್ಲೂ ಮನುಷ್ಯರ ದನಿ ಹೆಕ್ಕಿ ಕೇಳಿಸುವ ವಿದ್ಯೆಯಿಂದ ಹುಟ್ಟಿದ ಕಂಪನಿಗೆ ಕೊನೆಗೆ ಕೇಳಿಸದೆ ಹೋದದ್ದು ಕೊಂಡವರ ದನಿ!

ಇಲ್ಲಿ ಪ್ರತಿನಿಧಿ ಒಂದು ಊರ ಮಾತು ತೆಗೆದರು. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿದಾಗಲೂ ಜನ ನೊಂದಿದ್ದರು. ಕಬ್ಬು ಬೆಳೆದವರು, ಪಾಲು ಹಾಕಿದವರು, ಕೂಲಿ ಮಾಡಿದವರು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

‘ಅದರ ಗೇಟ್ ಎಲ್ಲಿತ್ತ್ ಅಂದ್ ಎಲ್ಲರಿಗೂ ಗೊತ್ತಿತ್ತ್ ಮಾರಾಯ್ರೆ’ ಎಂದು ಹಾರ್ನೇ ಉತ್ತರ ಕೊಟ್ಟಿತು. ‘ನನ್ನನ್ನ್ ಜೀಪಿಗ್ ಕಟ್ಟಿ, ಮೈಕ್ ಹಿಡ್ದ್, ಅದರ ಎದುರಿಗೇ ನಿಂತ್ ಬೈಲಕ್ಕಿತ್ತ್.’

ಜಾಮ್‌ಬಾಕ್ಸ್ ಇದಕ್ಕೆ ತಲೆದೂಗಿತು. ತನ್ನ ಗ್ರಾಹಕರಿಗೆ ಬೈಯಲು ಸಿಕ್ಕಿದ್ದು ಖಾಲಿ ಜಾಗ. ಮನೆ ಬಾಗಿಲಿಗೆ ಬಂದದ್ದು ಪೆಟ್ಟಿಗೆ ಮಾತ್ರ, ಮಾರಿದವನ ಮುಖ ಕಂಡವರಿಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ವಸೂಲಿಗೂ ಒಬ್ಬ ಮನುಷ್ಯ ಮನೆಗೆ ಬರುತ್ತಿದ್ದ. ಆ ಬ್ಯಾಂಕಿನ ಹೆಸರೂ ಈಗ ಇಲ್ಲ. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಬೋರ್ಡು ಇಳಿದರೂ ಖಾತೆಯವರ ದುಡ್ಡು ಇಳಿಯಲಿಲ್ಲ. ಕಂಪನಿಯ ಹೆಸರು ಹೋಗುವುದಕ್ಕೂ ಅದರ ಹೊಣೆ ಹೋಗುವುದಕ್ಕೂ ನಡುವೆ ಇರುವ ಅಂತರ ಈ ಕರಾವಳಿಯವರಿಗೆ ಬ್ಯಾಂಕಿನಿಂದ ತಿಳಿದಿದೆ. ಸ್ಪೀಕರ್ ಕೊಳ್ಳುವಾಗ ಮಾತ್ರ ಯಾಕೋ ಮರೆತುಹೋಗುತ್ತದೆ.

‘ನನ್ನ ಗ್ರಾಹಕರ ಕಷ್ಟ ಏನೂ ಅಲ್ಲ’ ಎಂದು ಜಾಮ್‌ಬಾಕ್ಸ್ ಮುಂದುವರಿಸಿತು. ಅವರ ಕೈಯಲ್ಲಿ ವಸ್ತುವಾದರೂ ಉಳಿಯಿತು. ವಸ್ತುವೇ ಬಾರದವರ ಕಥೆ ಬೇರೆ. ಸ್ಯಾನ್ ಡಿಯಾಗೊದ ಆಸಿಕ್ ಎಂಬ ಕಂಪನಿ ತಲೆ ತಿರುಗಿಸಿದರೂ ಸದ್ದು ಇದ್ದ ಜಾಗದಲ್ಲೇ ನಿಲ್ಲುವ ಹೆಡ್‌ಫೋನ್ ಮಾಡುತ್ತೇವೆಂದು 2016ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಹಣ ಕೂಡಿಸುವ ಜಾಲತಾಣದಲ್ಲಿ ಕೈಯೊಡ್ಡಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸುಮಾರು 27 ಲಕ್ಷ ಡಾಲರ್ ಸುರಿದರು. 2018ರ ಮೇಯಲ್ಲಿ ಕಂಪನಿ ಬಾಗಿಲು ಹಾಕಿತು. ಹೆಡ್‌ಫೋನ್ ಕಂಡವರು ತೀರ ಕಡಿಮೆ. ಉಳಿದವರಿಗೆ ಹಣವೂ ಇಲ್ಲ, ವಸ್ತುವೂ ಇಲ್ಲ. ಕಿಕ್‌ಸ್ಟಾರ್ಟರ್ ತಾನು ಅಂಗಡಿ ಅಲ್ಲವೆಂದು 2012ರಲ್ಲೇ ಸಾರಿತ್ತು. ಅಲ್ಲಿ ಹಣ ಹಾಕಿದವರು ಗ್ರಾಹಕರಲ್ಲ, ಬೆಂಬಲಿಗರು. ದುಡ್ಡು ಎಣಿಸಿಕೊಳ್ಳುವ ಕೈಗೆ ಇದು ಎಷ್ಟು ಅನುಕೂಲದ ಏರ್ಪಾಡು ಎಂದು ಬಿಡಿಸಿ ಹೇಳಬೇಕಾಗಿಲ್ಲ. ವಸ್ತು ಬಂದರೆ ನೀವು ಅದೃಷ್ಟವಂತ ಗಿರಾಕಿ, ಬಾರದಿದ್ದರೆ ವಿಜ್ಞಾನಕ್ಕೆ ದಾನ ಕೊಟ್ಟ ಮಹಾನುಭಾವ.

ಮುಂಗಡ ಕೊಟ್ಟು ಕಾಯುವುದು ಈ ಸೀಮೆಗೆ ಹೊಸತೇನೂ ಅಲ್ಲ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಬರೆಸಿದ ಅಜ್ಜ ತೀರಿಕೊಂಡು ಮೊಮ್ಮಗ ಚೌಕಿ ಪೂಜೆಗೆ ಕೈ ಮುಗಿಯುವುದೂ ಉಂಟು. ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರಿಗೂ ಇದೇ ಜನ ಕಾದರು, ಅದಕ್ಕೆ ಯಾರೂ ಹರಕೆ ಹೊತ್ತಿರಲಿಲ್ಲ ಅಷ್ಟೇ. ಎರಡೂ ಕಡೆ ಕಾಯುವವನಿಗೆ ಕೇಳಲು ಒಂದು ಜಾಗ ಇತ್ತು. ಒಂದಕ್ಕೆ ದೇವಸ್ಥಾನದ ಕಚೇರಿ, ಇನ್ನೊಂದಕ್ಕೆ ಪ್ರತಿಭಟನೆಯ ಶಾಮಿಯಾನ. ಆಸಿಕ್‌ನವರಿಗೆ ಕಾದವರ ಬಳಿ ಇದ್ದದ್ದು ಒಂದು ಪಾಸ್‌ವರ್ಡ್.

ಹಾಗಾದರೆ ಆನ್‌ಲೈನಿನವರೆಲ್ಲ ಹೀಗೆಯೇ? ಜಾಮ್‌ಬಾಕ್ಸ್ ಒಪ್ಪಲಿಲ್ಲ, ಅದರ ನ್ಯಾಯಬುದ್ಧಿಯನ್ನು ಮೆಚ್ಚಬೇಕು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದಿತ್ತು. ದುಡ್ಡು ಕೊಟ್ಟು ಎಂಪಿತ್ರೀ ಹಾಡು ಇಳಿಸಿಕೊಳ್ಳುವ ವ್ಯವಸ್ಥೆ. ಪುಕ್ಕಟೆ ಹಾಡು ಕದಿಯುವ ದೇಶದಲ್ಲಿ ಹತ್ತು ಹದಿನೈದು ರೂಪಾಯಿಯ ಹಾಡಿಗೆ ಕಾರ್ಡು ತೆಗೆಯುವವರು ಸಾಕಷ್ಟು ಸಿಗಲಿಲ್ಲ. 2013ರ ಜೂನಿನಲ್ಲಿ ಮುಚ್ಚಿದರು. ಆದರೆ ಮುಂಚೆ ಹೇಳಿ ಮುಚ್ಚಿದರು, ಕೊಂಡ ಹಾಡನ್ನು ಇಳಿಸಿಕೊಳ್ಳಲು ಆಗಸ್ಟಿನವರೆಗೆ ಸಮಯ ಕೊಟ್ಟರು. ಇಳಿಸಿಟ್ಟುಕೊಂಡವರ ಹಾಡು ಇಂದಿಗೂ ಅವರದೇ. ‘ಅದರಲ್ಲಿ ಕೆಲವನ್ನು ನಾನೇ ಹಾಡಿದ್ದೇನೆ’ ಎಂದು ಜಾಮ್‌ಬಾಕ್ಸ್ ತುಸು ಹೆಮ್ಮೆಪಟ್ಟಿತು.

ಕಾನೂನು ಏನು ಹೇಳುತ್ತದೆ? ಇದಕ್ಕೆ ಉತ್ತರ ಪ್ರತಿನಿಧಿಯ ಪುಸ್ತಕದಲ್ಲೇ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಮಾರಿದವನ ಊರಿಗೆ ಅಲೆಯಬೇಕಿಲ್ಲ. ಬೈಂದೂರಿನವನು ಬೈಂದೂರಿನಲ್ಲಿ ವಾಸವಿರುವ ಕಾರಣಕ್ಕೇ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದ ಒಳಗಿನ ವಸ್ತುವಿಗೆ ಶುಲ್ಕವಿಲ್ಲ. ಸಹಾಯವಾಣಿ 1915. ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ವ್ಯಾಪಾರಿ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

‘ಕಂಪನಿಯೇ ಸತ್ತಿದ್ದರೆ?’ ಎಂದು ಕೇಳಿತು ಜಾಮ್‌ಬಾಕ್ಸ್.

ಪ್ರತಿನಿಧಿ ಪುಟ ತಿರುಗಿಸಿದರು. ಸತ್ತ ಕಂಪನಿಯ ಆಸ್ತಿ ಹಂಚುವಾಗ 2016ರ ದಿವಾಳಿ ಸಂಹಿತೆಯಲ್ಲಿ ಒಂದು ಸರದಿ ಇದೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಆಮೇಲೆ ಅಡಮಾನ ಹಿಡಿದು ಸಾಲ ಕೊಟ್ಟವರು ಮತ್ತು ಕೆಲಸಗಾರರು. ಆಮೇಲೆ ಉಳಿದ ನೌಕರರು, ಅಡಮಾನವಿಲ್ಲದೆ ಹಣ ಕೊಟ್ಟವರು, ಸರ್ಕಾರದ ಬಾಕಿ. ಆರ್ಡರ್ ಮಾಡಿ ಕಾಯುತ್ತಿರುವವನ ಹೆಸರು ಬರುವಷ್ಟರಲ್ಲಿ ಸಾಮಾನ್ಯವಾಗಿ ಎಲೆ ಎತ್ತಿ ಆಗಿರುತ್ತದೆ.

‘ಹ್ವಾಯ್, ಒಂದ್ ಕೇಳ್ತೆ’ ಎಂದಿತು ಹಾರ್ನ್. ‘ನೀವ್ ಅವ್ನ ಕಂಪನಿ ಬಗ್ಗೆ ಇಷ್ಟ್ ಹೊತ್ತ್ ಕೇಳಿದ್ರಿ. ನನ್ನ ಕಂಪನಿ ಬಗ್ಗೆ ಎಂತಕೆ ಕೇಂಬುದಿಲ್ಲ?’

ಕಾರಣ ಇದೆ. ಹಾರ್ನಿನ ಕಂಪನಿ ಬದುಕಿದೆಯೋ ಸತ್ತಿದೆಯೋ ಎಂಬುದು ಹಾರ್ನಿಗೆ ಯಾವತ್ತೂ ಪ್ರಶ್ನೆಯೇ ಆಗಿಲ್ಲ. ಅದಕ್ಕೆ ಆ್ಯಪ್ ಬೇಡ, ಖಾತೆ ಬೇಡ. ಆಟದ ನಡುವೆ ಯೂನಿಟ್ ಸುಟ್ಟುಹೋದರೆ ಹಿಂದಿನಿಂದ ತಿರುಗಿಸಿ ಬಿಚ್ಚಿ, ಒಳಗಿನ ಡಯಾಫ್ರಮ್ ಬದಲಿಸಿ, ಮುಂದಿನ ಪ್ರಸಂಗಕ್ಕೆ ತಯಾರು ಮಾಡುತ್ತಾರೆ. ಮೈಕ್‌ಸೆಟ್ಟಿನವನ ಹೆಸರು ಆಮಂತ್ರಣದ ಕೊನೆಯ ಸಾಲಿನಲ್ಲಿ ಅಚ್ಚಾಗುತ್ತದೆ. ಭಾಗವತರ ಪದ ಕೇಳದಿದ್ದರೆ ಸಭೆಯ ಹಿಂದಿನಿಂದ ಜನ ಕರೆಯುವುದು ಅವನನ್ನೇ. ಜಾಮ್‌ಬಾಕ್ಸಿನ ಸದ್ದು ಹಾರ್ನಿಗಿಂತ ನೂರು ಪಾಲು ಇಂಪು, ಅದರಲ್ಲಿ ಎರಡು ಮಾತಿಲ್ಲ; ಹಾರ್ನಿನಲ್ಲಿ ಕೇಳಿದರೆ ಎಂಥ ಭಾಗವತರಿಗೂ ನೆಗಡಿ. ಆದರೆ ಜಾಮ್‌ಬಾಕ್ಸನ್ನು ಮುಚ್ಚಿದವರು ಬಿಚ್ಚಲೆಂದು ಮುಚ್ಚಿಲ್ಲ. ಸ್ಕ್ರೂ ಇರಬೇಕಾದ ಜಾಗದಲ್ಲಿ ಚೆಂದ ಇದೆ.

ಅಷ್ಟರಲ್ಲಿ ಅಂಗಡಿಯವರು ಮಿಕ್ಸಿ ಮುಗಿಸಿ ಬಂದರು. ಜಾಮ್‌ಬಾಕ್ಸನ್ನು ಎತ್ತಿ ಅಡಿಮೇಲು ಮಾಡಿ, ರಬ್ಬರಿನ ಅಂಚಿಗೆ ತೆಳುವಾದ ಚೂರಿ ತೂರಿಸಿದರು.

‘ಇದು ವಾರಂಟಿಯ ಉಲ್ಲಂಘನೆ!’ ಎಂದು ಜಾಮ್‌ಬಾಕ್ಸ್ ಕೂಗಿತು.

‘ಯಾರ್ ಕೊಟ್ಟದ್ದ್ ವಾರಂಟಿ?’ ಎಂದು ಅವರು ಕೇಳಿದರು. ಜಾಮ್‌ಬಾಕ್ಸ್ ಸ್ವಲ್ಪ ಹೊತ್ತು ಯೋಚಿಸಿ, ಮುಂದುವರಿಸಿ ಎಂದಿತು.

ಒಳಗೆ ಇದ್ದದ್ದು ಸಾಮಾನ್ಯ ಲಿಥಿಯಂ ಬ್ಯಾಟರಿ ಅಷ್ಟೇ; ಅದು ದಪ್ಪಗೆ ಉಬ್ಬಿಕೊಂಡಿತ್ತು. ಹಳೆಯದನ್ನು ಕಿತ್ತು, ಡಬ್ಬಿಯಿಂದ ಅದೇ ವೋಲ್ಟಿನ ಬೇರೊಂದು ಹುಡುಕಿ, ಎರಡು ತಂತಿ ಬೆಸೆದರು. ಪ್ರತಿನಿಧಿ ಕೊನೆಯ ಪ್ರಶ್ನೆಯೆಂದು ಮುಂದಿನ ಯೋಜನೆ ಕೇಳಿದರು. ಜಾಮ್‌ಬಾಕ್ಸ್ ಉತ್ತರಿಸುವ ಬದಲು ಅಂಗಡಿಯವರತ್ತ ತಿರುಗಿತು. ಈ ಬ್ಯಾಟರಿ ಎಷ್ಟು ದಿನ ಬರುತ್ತದೆ, ರಸೀದಿ ಇದೆಯೇ, ದೂರು ಕೊಡುವುದಿದ್ದರೆ ಯಾವ ವಿಳಾಸಕ್ಕೆ?

‘ಹಾಳಾರೆ ತಕಂಡ್ ಬನಿ, ಕಾಂಬ’ ಎಂದರು ಅವರು. ಮತ್ತೆ ಹಾರ್ನನ್ನು ಜಂತಿಯಿಂದ ಇಳಿಸತೊಡಗಿದರು. ಸಂಜೆ ಬೈಂದೂರಿನ ಕಡೆ ಒಂದು ಆಟ ಇತ್ತು.